ಅಪ್ಪಣೆ ಕೇಳುವ ಮುದುಕರು

ಸೆರೆಮನೆಯನ್ನು ಕುರಿತ ಚಲನಚಿತ್ರಗಳನ್ನು ನೋಡುವಾಗ ನಮ್ಮ ಕಣ್ಣು ಸದಾ ಸುರಂಗದ ಮೇಲೆಯೇ ಇರುತ್ತದೆ. ನಾಯಕನು ಯಾವಾಗ ಪಾರಾದಾನು, ಹೇಗೆ ಪಾರಾದಾನು ಎಂಬ ಕುತೂಹಲವೇ ಕೊನೆಯವರೆಗೆ ನಮ್ಮನ್ನು ಹಿಡಿದಿಡುತ್ತದೆ. 1994ರಲ್ಲಿ ತೆರೆಕಂಡ ‘ದಿ ಶಾಶಾಂಕ್ ರಿಡೆಂಪ್ಷನ್’ ಚಿತ್ರವನ್ನು ನೋಡಿದವರೆಲ್ಲರೂ ಆಂಡಿ ಡುಫ್ರೇನ್ ಎಂಬ ನಿರಪರಾಧಿ ಬ್ಯಾಂಕರನ ಮನೋಬಲವನ್ನು ಕೊಂಡಾಡುತ್ತಾರೆ. ಕೊಂಡಾಡಲಿ, ನನ್ನ ತಕರಾರೇನೂ ಇಲ್ಲ. ಆದರೆ ಆ ಚಿತ್ರದಲ್ಲಿ ದೀರ್ಘ ಸೆರೆವಾಸದ ಸತ್ಯವನ್ನು ನಮಗೆ ತಿಳಿಸುವವನು ಆಂಡಿಯಲ್ಲ, ಬ್ರೂಕ್ಸ್ ಎಂಬ ಮುದುಕ ಎಂಬುದು ನನ್ನ ಅಭಿಪ್ರಾಯ.

ಬ್ರೂಕ್ಸ್ 1905ರಲ್ಲಿ ಜೈಲು ಸೇರಿದವನು. ಅಲ್ಲಿನ ಪುಸ್ತಕಗಳನ್ನು ನೋಡಿಕೊಳ್ಳುತ್ತ, ಅಂಗಿಯೊಳಗೆ ಒಂದು ಕಾಗೆಮರಿಯನ್ನು ಸಾಕಿಕೊಂಡು, ಸುಮಾರು ಐವತ್ತು ವರ್ಷ ಕಳೆದವನು. ಬಿಡುಗಡೆಯ ಆಜ್ಞೆ ಬಂದಾಗ ಅವನು ಮಾಡುವುದೇನು? ಜೊತೆಯ ಕೈದಿಯೊಬ್ಬನ ಕುತ್ತಿಗೆಗೆ ಚಾಕು ಹಿಡಿಯುತ್ತಾನೆ. ಹೊಸದೊಂದು ಅಪರಾಧವನ್ನು ಮಾಡಿದರೆ ಒಳಗೇ ಉಳಿಯಬಹುದಲ್ಲ ಎಂಬ ಹುಚ್ಚು ಆಸೆ. ಹೊರಗೆ ಬಂದ ಮೇಲೆ ಅಂಗಡಿಯೊಂದರಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬುವ ಕೆಲಸ, ತಲೆಯ ಮೇಲೊಂದು ಸೂರು, ಎಲ್ಲವೂ ಸರ್ಕಾರದ ಕೃಪೆಯಿಂದ ಸಿಗುತ್ತವೆ. ಉದ್ಯಾನದಲ್ಲಿ ಕುಳಿತು ಹಕ್ಕಿಗಳಿಗೆ ಕಾಳು ಹಾಕುತ್ತಾನೆ; ತಾನು ಹಾರಿಬಿಟ್ಟ ಕಾಗೆ ಎಂದಾದರೂ ಬಂದೀತೇ ಎಂದು ನೋಡುತ್ತಾನೆ. ಅದು ಬರುವುದಿಲ್ಲ. ಒಂದು ದಿನ ಕೋಣೆಯ ತೊಲೆಯ ಮೇಲೆ ತನ್ನ ಹೆಸರನ್ನು ಕೊರೆದು, ಅಲ್ಲಿಯೇ ನೇಣಿಗೆ ಶರಣಾಗುತ್ತಾನೆ. ಸ್ಟೀಫನ್ ಕಿಂಗ್‌ರ ಮೂಲ ನೀಳ್ಗತೆಯಲ್ಲಿ ಇವನದು ತೀರ ಚಿಕ್ಕ ಪಾತ್ರ. ಅಲ್ಲಿ ಅವನು ನಿರ್ಗತಿಕ ವೃದ್ಧರ ಆಶ್ರಯದಲ್ಲಿ ಸಾಯುತ್ತಾನೆ. ನಿರ್ದೇಶಕ ಫ್ರಾಂಕ್ ಡಾರಬಾಂಟ್ ಆ ನಾಲ್ಕು ಸಾಲನ್ನು ಹಿಗ್ಗಿಸಿ ಚಿತ್ರದ ಹೃದಯವನ್ನಾಗಿ ಮಾಡಿದರು.

ಜೈಲುವಾಸವು ಮನಸ್ಸನ್ನು ಹೇಗೆ ಕೆಡಿಸುತ್ತದೆ ಎಂದರೆ ನಾವು ಹೊಡೆತ, ಹಸಿವು, ಕತ್ತಲೆಗಳನ್ನೇ ನೆನೆಯುತ್ತೇವೆ. ಅವೆಲ್ಲವೂ ಇವೆ, ನಿಜ. ಆದರೆ ಎಲ್ಲಕ್ಕಿಂತ ಮೆಲ್ಲನೆ ಕೆಲಸ ಮಾಡುವ ವಿಷ ಬೇರೊಂದು. ಎಷ್ಟು ಹೊತ್ತಿಗೆ ಏಳಬೇಕು, ಏನು ಉಣ್ಣಬೇಕು, ಯಾವಾಗ ದೀಪ ಆರಬೇಕು ಎಂಬುದನ್ನೆಲ್ಲ ಮತ್ತೊಬ್ಬರು ನಿರ್ಧರಿಸುತ್ತ ಹೋದಂತೆ ನಿರ್ಧರಿಸುವ ಶಕ್ತಿಯೇ ಕಳಚಿ ಬೀಳುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಕ್ಲೆಮ್ಮರ್ 1940ರಷ್ಟು ಹಿಂದೆಯೇ ಇಂತಹ ಒಗ್ಗಿಹೋಗುವಿಕೆಗೆ ‘ಪ್ರಿಸನೈಸೇಷನ್’ ಎಂದು ಹೆಸರಿಟ್ಟರು. ನನಗೆ ‘ಪಳಗುವುದು’ ಎಂಬ ನಮ್ಮ ಮಾತೇ ಸಾಕೆನ್ನಿಸುತ್ತದೆ. ಖೆಡ್ಡಾದಲ್ಲಿ ಹಿಡಿದ ಆನೆಗೂ ನಾವು ಇದೇ ಪದವನ್ನು ಬಳಸುತ್ತೇವೆ.

ಇದೇ ಚಿತ್ರದಲ್ಲಿ ಕಥೆ ಹೇಳುವ ರೆಡ್ ನಲವತ್ತು ವರ್ಷದ ಸೆರೆಯ ನಂತರ ಹೊರಬಂದು, ಬ್ರೂಕ್ಸ್ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಾನೆ, ಅವನಿದ್ದ ಕೋಣೆಯಲ್ಲಿಯೇ ಇರುತ್ತಾನೆ. ಮೂತ್ರಕ್ಕೆ ಹೋಗಬೇಕಾದಾಗಲೆಲ್ಲ ಅಂಗಡಿಯ ಮೇಲ್ವಿಚಾರಕನ ಅಪ್ಪಣೆ ಕೇಳುತ್ತಾನೆ. ಪ್ರತಿಸಲವೂ ಕೇಳಬೇಕಾಗಿಲ್ಲವಯ್ಯಾ ಎಂದು ಆತ ಹೇಳಿದರೂ, ಅಪ್ಪಣೆಯಿಲ್ಲದೆ ತನ್ನ ದೇಹವೇ ಒಪ್ಪುವುದಿಲ್ಲವೆಂದು ರೆಡ್ ಕಂಡುಕೊಳ್ಳುತ್ತಾನೆ. ಕಿರುಬೆರಳೆತ್ತಿ ನಿಂತು “ಸಾ, ಒಂದಕ್ಕೆ” ಎನ್ನುವ ಮಕ್ಕಳನ್ನು ಮೂರು ದಶಕಗಳಿಗೂ ಮಿಕ್ಕಿ ಕಂಡ ನನಗೆ ಈ ದೃಶ್ಯ ನಗುವನ್ನು ತರಲಿಲ್ಲ. ಮಗು ಸಂಜೆ ಗಂಟೆ ಬಾರಿಸಿದೊಡನೆ ಆ ಬೆರಳನ್ನು ಮರೆತು ಮನೆಗೆ ಓಡುತ್ತದೆ. ಅರವತ್ತು ದಾಟಿದ ಗಂಡಸು ಬೆರಳೆತ್ತಿಯೇ ನಿಂತರೆ ಅದಕ್ಕೆ ಏನೆನ್ನೋಣ?

ಆಂಡಿಯ ವಿಷಯದಲ್ಲಿ ಮಾತ್ರ ಚಿತ್ರವು ನಮಗೆ ಸ್ವಲ್ಪ ಸುಳ್ಳನ್ನು ಹೇಳುತ್ತದೆ. ಮೊಜಾರ್ಟನ ಹಾಡನ್ನು ಧ್ವನಿವರ್ಧಕದಲ್ಲಿ ಹಾಕಿದ್ದಕ್ಕಾಗಿ ಎರಡು ವಾರ, ಮುಂದೆ ಬೇರೊಂದು ಕಾರಣಕ್ಕೆ ಸತತವಾಗಿ ಎರಡು ತಿಂಗಳು, ಅವನನ್ನು ಕತ್ತಲಕೋಣೆಗೆ ದೂಡುತ್ತಾರೆ. ಮೊದಲ ಸಲ, ಸಂಗೀತ ತನ್ನ ತಲೆಯೊಳಗೇ ಇತ್ತೆಂದು ಹೇಳುತ್ತ ಹೊರಬರುತ್ತಾನೆ. ಎರಡನೆಯ ಸಲ, ತಪ್ಪಿಸಿಕೊಳ್ಳುವ ಉಪಾಯದೊಡನೆ! 1983ರಲ್ಲಿ ಮನೋವೈದ್ಯ ಸ್ಟುವರ್ಟ್ ಗ್ರಾಸಿಯನ್ ಮ್ಯಾಸಚೂಸೆಟ್ಸ್‌ನ ಸೆರೆಮನೆಯೊಂದರಲ್ಲಿ ಏಕಾಂತವಾಸದಲ್ಲಿದ್ದ 14 ಮಂದಿಯನ್ನು ಪರೀಕ್ಷಿಸಿ ಬರೆದ ಲೇಖನವು ಪ್ರಸಿದ್ಧವಾಗಿದೆ. ಸಣ್ಣ ಸದ್ದನ್ನೂ ತಾಳಲಾಗದಿರುವುದು, ಇಲ್ಲದ ಧ್ವನಿಗಳು ಕೇಳಿಸುವುದು, ಕಾರಣವಿಲ್ಲದೆ ಎದೆನಡುಗುವ ಭೀತಿ, ಯೋಚನೆ ಒಂದೆಡೆ ನಿಲ್ಲದಿರುವುದು ಮುಂತಾದವನ್ನು ಅವರು ಅಲ್ಲಿ ಕಂಡರು. 1860ರ ಭಾರತೀಯ ದಂಡಸಂಹಿತೆಯೇ ನ್ಯಾಯಾಲಯ ವಿಧಿಸುವ ಏಕಾಂತ ಸೆರೆ ಒಮ್ಮೆಗೆ 14 ದಿನವನ್ನು ಮೀರಕೂಡದೆಂದು ಮಿತಿ ಹಾಕಿತ್ತು. (ಅದನ್ನು ಬರೆದವರು ಅಂಡಮಾನಿನಲ್ಲಿ ನಡೆಸಿದ್ದು ಬೇರೆಯೇ ಕಥೆ.) ಮಂಡೇಲಾ ಅವರ ಹೆಸರನ್ನು ಹೊತ್ತು 2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ನಿಯಮಗಳ ಪ್ರಕಾರ ಸತತ 15 ದಿನಗಳನ್ನು ಮೀರಿದ ಏಕಾಂತವಾಸವು ನಿಷಿದ್ಧ. ಎರಡು ತಿಂಗಳ ಕತ್ತಲೆಯಿಂದ ಗಡ್ಡ ಬೆಳೆಸಿಕೊಂಡು ಮಾತ್ರ ಹೊರಬರುವ ಮನುಷ್ಯನನ್ನು ಸಿನಿಮಾದಲ್ಲಿಯೇ ಕಾಣಬೇಕು.

ಸಿನಿಮಾದ ಕಷ್ಟವೂ ನನಗೆ ಅರ್ಥವಾಗುತ್ತದೆ. ಏನೂ ನಡೆಯದ ಹತ್ತೊಂಬತ್ತು ವರ್ಷಗಳನ್ನು ಎರಡೂ ಕಾಲು ಗಂಟೆಯಲ್ಲಿ ತೋರಿಸುವುದೆಂತು? ಆಂಡಿಯ ಗೋಡೆಯ ಮೇಲೆ ರೀಟಾ ಹೇವರ್ತ್ ಹೋಗಿ ಮರ್ಲಿನ್ ಮನ್ರೋ, ಮನ್ರೋ ಹೋಗಿ ರಾಕೆಲ್ ವೆಲ್ಚ್ ಬರುತ್ತಾರೆ; ಅಷ್ಟರಲ್ಲಿ ಕಾಲ ಕಳೆಯಿತೆಂದು ನಾವು ತಿಳಿಯಬೇಕು. ಆದರೆ ಸೆರೆಯಾಳನ್ನು ಕೊಲ್ಲುವುದು ವರ್ಷಗಳಲ್ಲ, ಮಧ್ಯಾಹ್ನಗಳು. ಒಂದೇ ಬಗೆಯ ಮಧ್ಯಾಹ್ನಗಳನ್ನು ಯಾವ ನಿರ್ಮಾಪಕ ತಾನೇ ತೋರಿಸಿಯಾನು!

ಈ ಮಧ್ಯಾಹ್ನಗಳ ಸಮೀಪಕ್ಕೆ ಹೋದ ಚಿತ್ರವೆಂದರೆ 1973ರ ‘ಪ್ಯಾಪಿಲಾನ್’. ಫ್ರೆಂಚ್ ಗಯಾನಾದ ದ್ವೀಪಸೆರೆಯ ಕಥೆ. ಅದಕ್ಕೆ ಆಧಾರವಾದ ಆನ್ರಿ ಶಾರಿಯೇರ್‌ನ ಪುಸ್ತಕದಲ್ಲಿ ನಿಜವೆಷ್ಟು, ಬೆಳೆಸಿದ್ದೆಷ್ಟು ಎಂಬ ಜಗಳ ಹಳೆಯದು, ಇರಲಿ. ಮಾತೇ ಆಡಕೂಡದ ಏಕಾಂತಕೋಣೆಗಳ ಸಾಲು. ಬಾಗಿಲಿನ ಕಿಂಡಿಯಿಂದ ತಲೆಯನ್ನು ಹೊರಚಾಚಿದಾಗ ಪಕ್ಕದ ಕೋಣೆಯ ಕೈದಿಯೊಬ್ಬ ನಾಯಕನನ್ನು ಕೇಳುತ್ತಾನೆ: ನಾನು ಹೇಗೆ ಕಾಣುತ್ತಿದ್ದೇನೆ? ಸಾವು ಅವನ ಮುಖದಲ್ಲಿಯೇ ಕುಳಿತಿದೆ. ಚೆನ್ನಾಗಿದ್ದೀಯೆ ಎನ್ನುತ್ತಾನೆ ನಾಯಕ. ಮುಂದೆ ಹಲ್ಲುದುರಿ, ಕೂದಲು ನರೆತು, ಅದೇ ಪ್ರಶ್ನೆಯನ್ನು ತಾನೇ ಮತ್ತೊಬ್ಬನಿಗೆ ಕೇಳುತ್ತಾನೆ. ಕನ್ನಡಿಯಿಲ್ಲದ ಜಾಗದಲ್ಲಿ ತಾನಿನ್ನೂ ಮನುಷ್ಯನೇ ಎಂದು ತಿಳಿಯಲು ಇನ್ನೊಬ್ಬ ಮನುಷ್ಯನ ಕಣ್ಣು ಬೇಕು. ಮನೋಬಲವೆಂಬುದು ಎದೆಯೊಳಗೆ ಹೂತಿಟ್ಟ ನಿಧಿಯಲ್ಲ, ಇಬ್ಬರ ನಡುವೆ ಓಡಾಡುವ ವಸ್ತು ಎಂದು ನಾನು ನಂಬುವುದಕ್ಕೆ ಇಂತಹ ದೃಶ್ಯಗಳೇ ಕಾರಣ.

ಕೊನೆಯಲ್ಲಿ ನಾಯಕನು ಬಂಡೆಯ ತುದಿಯಿಂದ ಸಮುದ್ರಕ್ಕೆ ಹಾರುತ್ತಾನೆ. ಗೆಳೆಯ ದೇಗಾ ಹಾರುವುದಿಲ್ಲ. ಡೆವಿಲ್ಸ್ ದ್ವೀಪದಲ್ಲಿ ಅವನಿಗೆ ಒಂದು ಗುಡಿಸಲಿದೆ, ತರಕಾರಿ ಮಡಿಗಳಿವೆ, ಹಂದಿಗಳಿವೆ. ಅವನು ಹೇಡಿಯೆಂದು ವಾದಿಸಿದ ಸ್ನೇಹಿತರೊಡನೆ ನಾನು ಬಹಳ ಹೊತ್ತು ಚರ್ಚಿಸಿದ್ದುಂಟು. ಅವನೂ ಬದುಕಿದವನೇ, ಬದುಕನ್ನು ಆ ಮಡಿಗಳಷ್ಟಕ್ಕೆ ಕುಗ್ಗಿಸಿಕೊಂಡು ಬದುಕಿದವನು.

ಇದಕ್ಕೆ ಹೋಲಿಸಿದರೆ 1962ರ ‘ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್’ ಬಲು ನಯವಾದ ಚಿತ್ರ. ರಾಬರ್ಟ್ ಸ್ಟ್ರೌಡ್ 54 ವರ್ಷ ಸೆರೆಯಲ್ಲಿದ್ದವನು, ಅದರಲ್ಲಿ 42 ವರ್ಷ ಒಂಟಿಯಾಗಿ. ಹಕ್ಕಿಗಳ ರೋಗಗಳನ್ನು ಕುರಿತು ಪುಸ್ತಕಗಳನ್ನು ಬರೆದದ್ದು ನಿಜ. ಆದರೆ ಹಕ್ಕಿಗಳಿದ್ದದ್ದು ಲೆವನ್‌ವರ್ತ್ ಜೈಲಿನಲ್ಲಿ. 1942ರಲ್ಲಿ ಆಲ್ಕಟ್ರಾಜ್‌ಗೆ ಸಾಗಿಸಿದ ಮೇಲೆ ಅವನಿಗೆ ಒಂದು ಹಕ್ಕಿಯನ್ನೂ ಸಾಕಗೊಡಲಿಲ್ಲ. ಹೆಸರಿನಲ್ಲಿಯೇ ಹಕ್ಕಿಯನ್ನು ತಂದು ಕೂರಿಸಿದ ಚಿತ್ರವು, ಅದನ್ನು ಕಿತ್ತುಕೊಂಡದ್ದರ ಪರಿಣಾಮವನ್ನು ಹೇಳುವುದರಲ್ಲಿ ಮಾತ್ರ ಜಿಪುಣವಾಗಿದೆ.

ಮಾಡಲೊಂದು ಕೆಲಸ, ನೋಡಲೊಂದು ಮುಖ, ಹೊರಗೆ ಕಾಯುವ ಒಬ್ಬರು: ಇವು ಇದ್ದವನು ತಾಳುತ್ತಾನೆ. ನಮ್ಮಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಗೆ ನಾಟಕ ಕಲಿಸಿ, ಅವರನ್ನು ಜೈಲಿನಾಚೆಯ ರಂಗಮಂದಿರಗಳಿಗೂ ಕರೆತಂದರಲ್ಲ, ಅದರ ಬೆಲೆ ಇರುವುದು ಇಲ್ಲಿ. ಬಿಡುಗಡೆಯಾಗುವವನಿಗೆ ಬಸ್ ಚಾರ್ಜು ಕೊಟ್ಟರೆ ಜೈಲಿನ ಕರ್ತವ್ಯ ಮುಗಿಯಿತೆಂದು ಭಾವಿಸುವವರು ಬ್ರೂಕ್ಸ್‌ನನ್ನು ನೋಡಬೇಕು.

ರೆಡ್‌ಗೂ ಬ್ರೂಕ್ಸ್‌ನಿಗೂ ಮನೋಬಲದಲ್ಲಿ ಅಂತರವಿತ್ತೆಂದು ನನಗನ್ನಿಸುವುದಿಲ್ಲ. ರೆಡ್‌ನಿಗಾಗಿ ಒಂದು ಹೊಲದ ಕಲ್ಲುಗೋಡೆಯ ಬುಡದಲ್ಲಿ ಆಂಡಿ ತಗಡಿನ ಡಬ್ಬಿಯೊಂದನ್ನು ಇಟ್ಟುಹೋಗಿದ್ದ. ಅದರಲ್ಲಿ ಹಣವಿತ್ತು, ಕಾಗದವಿತ್ತು. ಬ್ರೂಕ್ಸ್‌ನಿಗೆ ಯಾರೂ ಏನನ್ನೂ ಇಟ್ಟಿರಲಿಲ್ಲ. ಡಾರಬಾಂಟ್ ಮೊದಲು ಯೋಚಿಸಿದ್ದಂತೆ ಚಿತ್ರವು ಗಡಿಯ ಕಡೆಗೆ ಹೊರಟ ಬಸ್ಸಿನಲ್ಲಿಯೇ ಮುಗಿಯಬೇಕಿತ್ತು. ನಿರ್ಮಾಣ ಸಂಸ್ಥೆಯವರು ಬಯಸಿದ್ದರಿಂದ ಕಡಲ ದಂಡೆಯಲ್ಲಿ ಗೆಳೆಯರು ಕೂಡುವ ದೃಶ್ಯ ಸೇರಿತು. ನನಗೆ ಬಸ್ಸೇ ಹೆಚ್ಚು ಪ್ರಿಯ. ಪೆರೋಲಿನ ಮೇಲಿರುವವನು ಊರು ಬಿಡಕೂಡದು. ಮೂತ್ರಕ್ಕೂ ಅಪ್ಪಣೆ ಕೇಳುತ್ತಿದ್ದ ಆ ಮನುಷ್ಯ ಕಿಟಕಿಯ ಪಕ್ಕದಲ್ಲಿ ಕುಳಿತು ದೇಶದ ಗಡಿಯನ್ನೇ ದಾಟಲು ಹೊರಟಿದ್ದಾನೆ, ಯಾರನ್ನೂ ಕೇಳದೆ.