ಹಳೆಯ ಸ್ಪೀಕರು ಪೆಟ್ಟಿಗೆಗೆ ಗುಜರಿಯೇ ಗತಿಯೆ?

ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳಲ್ಲಿ ಒಂದು ಜೋಡಿ ಮರದ ಪೆಟ್ಟಿಗೆಗಳೂ ಇರುವುದುಂಟು. ಮುಂದೆ ಮಾಸಿದ ಬಟ್ಟೆ, ಅದರ ಹಿಂದೆ ಕಾಗದದ ಶಂಕು, ಬೆನ್ನಿನಲ್ಲಿ ತಂತಿ ಸಿಕ್ಕಿಸಲು ಎರಡು ತಿರುಪು. ರೆಕಾರ್ಡ್ ಪ್ಲೇಯರು, ಟೇಪ್ ರೆಕಾರ್ಡರುಗಳ ಕಾಲದಲ್ಲಿ ಪುಸ್ತಕದ ಕಪಾಟಿನ ಮೇಲೆ ಕುಳಿತು ಮನೆಮಂದಿಗೆಲ್ಲ ಸಂಗೀತ ಕೇಳಿಸಿದ ಹೈ-ಫೈ ಸ್ಪೀಕರುಗಳಿವು. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಇವುಗಳಿಗೆ ಸಾಮಾನ್ಯವಾಗಿ ಒದಗುವುದು ಗುಜರಿ ಅಂಗಡಿಯ ತಕ್ಕಡಿ. ತಾಮ್ರಕ್ಕೆ ಒಂದು ಬೆಲೆ, ಕಬ್ಬಿಣಕ್ಕೆ ಇನ್ನೊಂದು, ಮರವು ಒಲೆಗೆ. ಅತ್ತ ದೊಡ್ಡ ನಗರಗಳಲ್ಲಿ ಇಂಥವೇ ಪೆಟ್ಟಿಗೆಗಳನ್ನು ಹುಡುಕಿ, ಕೇಳಿದಷ್ಟು ಹಣ ತೆತ್ತು ಕೊಳ್ಳುವವರಿದ್ದಾರೆ. ಒಂದೇ ವಸ್ತುವನ್ನು ಒಬ್ಬರು ಎಸೆಯುವುದೇಕೆ, ಮತ್ತೊಬ್ಬರು ಪೂಜಿಸುವುದೇಕೆ? ಇಬ್ಬರೂ ಅದರ ಒಳಗನ್ನು ನೋಡಿಲ್ಲವೆಂಬುದು ನಮ್ಮ ಅಭಿಪ್ರಾಯ.

ಒಳಗಿರುವುದೇನು? ಬಲವಾದ ಒಂದು ಕಾಂತ. ಅದರ ಧ್ರುವಗಳ ನಡುವಣ ಕಿರಿದಾದ ಸಂದಿಯಲ್ಲಿ ತಾಮ್ರದ ತಂತಿಯ ಹಗುರವಾದ ಸುರುಳಿ. ಸುರುಳಿಗೆ ಅಂಟಿದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದರ ಮೇಲೆ ಬಲವುಂಟಾಗುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದಂತೆಲ್ಲ ಶಂಕು ಹಿಂದಕ್ಕೂ ಮುಂದಕ್ಕೂ ಚಲಿಸಿ ಗಾಳಿಯನ್ನು ಅಲುಗಿಸುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತಷ್ಟೆ. ಅಲ್ಲಿ ಚಲನೆಯಿಂದ ವಿದ್ಯುತ್ತು. ಸ್ಪೀಕರಿನಲ್ಲಿ ವಿದ್ಯುತ್ತಿನಿಂದ ಚಲನೆ. ಕಾಂತಕ್ಕೂ ತಂತಿಗೂ ಇರುವ ಸಂಬಂಧ ಎರಡು ಕಡೆಯಲ್ಲಿಯೂ ಒಂದೇ. ಇಂದಿನ ಸ್ಪೀಕರಿನ ಮೂಲರಚನೆಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು 1925ರಲ್ಲಿ ಪ್ರಕಟಿಸಿದರು. ಶತಮಾನ ಕಳೆದರೂ ಆ ರಚನೆ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಐವತ್ತು ವರ್ಷದ ಕಂಪ್ಯೂಟರು ಇಂದು ಕೆಲಸಕ್ಕೆ ಬಾರದು. ಐವತ್ತು ವರ್ಷದ ಸ್ಪೀಕರಾದರೋ ಇಂದಿನ ಆಂಪ್ಲಿಫಯರಿಗೆ ಸೇರಿಸಿದೊಡನೆ ಹಾಡುತ್ತದೆ.

ಶಂಕುವಿಗೆ ಪೆಟ್ಟಿಗೆಯೇಕೆ ಬೇಕು? ಶಂಕು ಮುಂದಿನ ಗಾಳಿಯನ್ನು ಒತ್ತುವಾಗ ಹಿಂದಿನ ಗಾಳಿ ವಿರಳವಾಗುತ್ತದೆ. ಮಂದ್ರಸ್ವರದ ಅಲೆಗಳು ಬಹು ನೀಳವಾದವು. 50 ಹರ್ಟ್ಸ್ ಆವೃತ್ತಿಯ ಅಲೆಯ ತರಂಗದೂರ ಸುಮಾರು 7 ಮೀಟರು. ಅಂಥ ಅಲೆ ಗೇಣಗಲದ ಶಂಕುವನ್ನು ಸುಲಭವಾಗಿ ಬಳಸಿ ಬರುವುದರಿಂದ ಹಿಂದಿನದು ಮುಂದಿನದನ್ನು ಅಳಿಸಿಹಾಕುತ್ತದೆ. ಹಿಂದಿನ ಅಲೆಯನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದರೆ ಈ ತೊಂದರೆ ತಪ್ಪುತ್ತದೆ. ಆದರೆ ಪೆಟ್ಟಿಗೆ ಚಿಕ್ಕದಾದಷ್ಟೂ ಒಳಗಿನ ಗಾಳಿ ಬಿಗಿಯಾದ ಸ್ಪ್ರಿಂಗಿನಂತೆ ಶಂಕುವನ್ನು ತಡೆಯುತ್ತದೆ. ಆದುದರಿಂದ 1950ರ ಸುಮಾರಿನಲ್ಲಿ ಒಳ್ಳೆಯ ಮಂದ್ರ ಬೇಕೆಂದವರಿಗೆ ಬೀರುವಿನಂಥ ಪೆಟ್ಟಿಗೆ ಅನಿವಾರ್ಯವಾಗಿದ್ದಿತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು ತೊಡಕಾಗಿದ್ದ ಈ ಗಾಳಿಯನ್ನೇ ಕೆಲಸಕ್ಕೆ ಹಚ್ಚಿದರು. ಶಂಕುವಿನ ಅಂಚನ್ನು ಸಡಿಲಗೊಳಿಸಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಶಂಕುವನ್ನು ಸ್ವಸ್ಥಾನಕ್ಕೆ ತರುವ ಹೊಣೆಯನ್ನು ಒಳಗಿನ ಗಾಳಿಗೆ ವಹಿಸಿದರು. ಬಟ್ಟೆ, ಕಾಗದಗಳ ಸೆಳೆತಕ್ಕಿಂತ ಗಾಳಿಯ ಸೆಳೆತ ಹೆಚ್ಚು ಕ್ರಮಬದ್ಧವಾದುದರಿಂದ ಸ್ವರದ ವಿಕೃತಿಯೂ ತಗ್ಗಿತು. ಕಪಾಟಿನ ಮೇಲೆ ಹಿಡಿಸುವ ಪೆಟ್ಟಿಗೆಯಿಂದ ಗಂಭೀರವಾದ ಮಂದ್ರ ಹೊರಡುವುದು ಹೀಗೆ ಸಾಧ್ಯವಾಯಿತು.

ಆದರೆ ಇದಕ್ಕೆ ತೆರಬೇಕಾದ ಬೆಲೆಯೊಂದುಂಟು. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ದಕ್ಷತೆ, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಎಂಜಿನಿಯರುಗಳು ಇದನ್ನು ಹಾಫ್‌ಮನ್ ನಿಯಮವೆನ್ನುತ್ತಾರೆ. ಪೆಟ್ಟಿಗೆಯ ಗಾತ್ರವನ್ನು ಬದಲಿಸದೆ ಮಂದ್ರವನ್ನು ಒಂದು ಸ್ಥಾಯಿಯಷ್ಟು ಕೆಳಗಿಳಿಸಬೇಕಾದರೆ ದಕ್ಷತೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಸೀಮೆಯ ವಾಚಕರಿಗೆ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಪರಿಚಿತವೇ. ಮಂಡ್ಯದ ಹಳ್ಳಿಗಳಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕವಾಡುವಾಗ ಕಂಬಕ್ಕೆ ಕಟ್ಟುವ ಕಹಳೆಯಾಕಾರದ ಧ್ವನಿವರ್ಧಕವನ್ನು ನೆನೆಯಿರಿ. ಅದು ತನಗೆ ದೊರೆತ ವಿದ್ಯುತ್ತಿನಲ್ಲಿ ನೂರಕ್ಕೆ ಹತ್ತಿಪ್ಪತ್ತು ಪಾಲನ್ನು ಶಬ್ದವನ್ನಾಗಿ ಮಾರ್ಪಡಿಸಬಲ್ಲುದು. ಹಾರ್ಮೋನಿಯಂ, ದುರ್ಯೋಧನನ ಮಾತು ಎರಡೂ ಗದ್ದೆಬಯಲನ್ನು ದಾಟಿ ಪಕ್ಕದ ಊರಿಗೆ ಕೇಳಿಸುತ್ತವೆ. ತಬಲೆಯ ಗುಮುಕು ಮಾತ್ರ ಕಹಳೆಯಿಂದ ಹೊರಡುವುದೇ ಇಲ್ಲ. 1970ರ ದಶಕದಲ್ಲಿ ಬಿ.ಬಿ.ಸಿ. ಸಂಸ್ಥೆಯು ತನ್ನ ಪ್ರಸಾರವಾಹನಗಳ ಇಕ್ಕಟ್ಟಾದ ಸ್ಥಳಕ್ಕೆಂದು ರೂಪಿಸಿದ ಎಲ್‌ಎಸ್ 3/5ಎ ಎಂಬ ಪೆಟ್ಟಿಗೆ ಇನ್ನೊಂದು ತುದಿ. ಎತ್ತರ ಸುಮಾರು 30 ಸೆಂಟಿಮೀಟರು. ಶಬ್ದವಾಗಿ ಹೊರಬರುವುದು ವಿದ್ಯುತ್ತಿನ ಸಾವಿರದಲ್ಲಿ ಒಂದು ಪಾಲಿನಷ್ಟು. ಆದರೂ ಮಾನವಕಂಠವನ್ನು ಅದು ತೋರುವ ಸಹಜತೆಗೆ ಇಂದಿಗೂ ಅಭಿಮಾನಿಗಳಿದ್ದಾರೆ.

ಅಂಗೈಯಗಲದ ಇಂದಿನ ಬ್ಲೂಟೂತ್ ಸ್ಪೀಕರು ಈ ನಿಯಮವನ್ನು ಮೀರಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮೀರಿಲ್ಲ. ಅದರೊಳಗಿನ ಚಿಪ್ಪು ಮಂದ್ರಕ್ಕೆ ಹೆಚ್ಚು ವಿದ್ಯುತ್ತನ್ನು ನೂಕಿ, ಚಿಕ್ಕ ಶಂಕುವನ್ನು ಆದಷ್ಟು ದೂರ ಓಡಾಡಿಸುತ್ತದೆ. ಶಬ್ದ ಹೆಚ್ಚಿಸಿದೊಡನೆ ಮಂದ್ರವನ್ನು ಮೆಲ್ಲಗೆ ಕಡಿಮೆ ಮಾಡುತ್ತದೆ. ಇದು ಜಾಣತನವೇ ಹೊರತು ಪವಾಡವಲ್ಲ. ಒಂದು ಕಾಲದಲ್ಲಿ ಅಗ್ಗದ ಪೆಟ್ಟಿಗೆಗಳ ಮೇಲೆ ಸಾವಿರಾರು ವಾಟ್ ‘ಪಿ.ಎಂ.ಪಿ.ಓ.’ ಎಂದು ಅಚ್ಚು ಹಾಕುತ್ತಿದ್ದರು. ಗೋಡೆಯ ಸಾಕೆಟ್ಟಿನಿಂದ ಆ ಯಂತ್ರ ಸೆಳೆಯುತ್ತಿದ್ದುದು ಎಷ್ಟೆಂದು ಅಳೆದಿದ್ದರೆ ಆ ಅಂಕಿಯ ಟೊಳ್ಳು ಕ್ಷಣದಲ್ಲಿ ಬಯಲಾಗುತ್ತಿದ್ದಿತು.

ಹಾಗಾದರೆ ಹಳೆಯದೆಲ್ಲವೂ ಶ್ರೇಷ್ಠವೆ? ಹಾಗೆಂದು ನಾವು ಹೇಳಲಾರೆವು. ಶಂಕುವಿನ ಸುತ್ತಣ ಸ್ಪಂಜಿನ ಅಂಚು ಹತ್ತಿಪ್ಪತ್ತು ವರ್ಷಗಳಲ್ಲಿ ಪುಡಿಯಾಗುತ್ತದೆ. ಮಂದ್ರವನ್ನೂ ತಾರವನ್ನೂ ಬೇರ್ಪಡಿಸುವ ಮಂಡಲದಲ್ಲಿನ ಕೆಪಾಸಿಟರುಗಳು ಒಣಗಿ ಮೌಲ್ಯ ಬದಲಾಗುತ್ತದೆ. ಅಂಥ ಪೆಟ್ಟಿಗೆಯ ಮಸುಕಾದ ಸ್ವರವನ್ನೇ ‘ಹಳೆಯ ಕಾಲದ ಇಂಪು’ ಎಂದು ಮೆಚ್ಚುವವರುಂಟು. ಕಣ್ಣು ಕಿವಿಯನ್ನು ಹೇಗೆ ವಂಚಿಸುತ್ತದೆಂಬುದನ್ನು ವಿಜ್ಞಾನ ತೋರಿಸಿಕೊಟ್ಟಿದೆ. ಕೆನಡಾ ದೇಶದ ರಾಷ್ಟ್ರೀಯ ಸಂಶೋಧನ ಮಂಡಲಿಯಲ್ಲಿ ಫ್ಲಾಯ್ಡ್ ಟೂಲ್ ಅವರು 1980ರ ದಶಕದಲ್ಲಿ ಸ್ಪೀಕರುಗಳನ್ನು ತೆರೆಯ ಮರೆಯಲ್ಲಿಟ್ಟು ಕೇಳಿಸಿದಾಗ, ಎಲ್ಲ ಆವೃತ್ತಿಗಳನ್ನೂ ಸಮನಾಗಿ ನುಡಿಸುವ ಸ್ಪೀಕರುಗಳನ್ನೇ ಬಹುಮಂದಿ ಮೆಚ್ಚಿದರು. ಟೂಲ್ ಮತ್ತು ಶಾನ್ ಆಲಿವ್ ಅವರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪೀಕರು ಕಣ್ಣಿಗೆ ಕಂಡೊಡನೆ ಕೇಳುಗರು ಕೊಡುವ ಅಂಕಗಳೇ ಬದಲಾದವು. ಹಳೆಯ ಪೆಟ್ಟಿಗೆಯನ್ನು ಹೊಗಳುವವರಿಗೂ ಹೊಸದನ್ನು ಮಾರುವವರಿಗೂ ಈ ಪರೀಕ್ಷೆ ಸಮಾನವಾಗಿ ಅನ್ವಯಿಸಬೇಕು.

ನಮಗೆ ಈ ಪೆಟ್ಟಿಗೆಗಳು ಪ್ರಿಯವಾಗಿರುವುದು ಇನ್ನೊಂದು ಗುಣಕ್ಕಾಗಿ. ಅವುಗಳನ್ನು ಬಿಚ್ಚಬಹುದು. ನಾಲ್ಕೆಂಟು ತಿರುಪು ತೆಗೆದರೆ ಯಂತ್ರವೆಲ್ಲ ಕಣ್ಣಿಗೆ ಕಾಣುತ್ತದೆ. ಹರಿದ ಅಂಚನ್ನು ಬದಲಿಸಬಹುದು, ಕೆಪಾಸಿಟರನ್ನು ಬೆಸೆಯಬಹುದು. ಇಂದಿನ ಅನೇಕ ಸ್ಪೀಕರುಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಬ್ಯಾಟರಿ ಸತ್ತ ದಿನ ಇಡೀ ವಸ್ತುವೇ ಕಸ. ಕಾಗದದ ಶಂಕು ಕೂಡಿಸಿ ಸುರುಳಿ ಸುತ್ತಬಲ್ಲ ರೇಡಿಯೋ ರಿಪೇರಿಯವರು ನಮ್ಮ ಪೇಟೆಗಳಲ್ಲಿ ವಿರಳವಾಗುತ್ತಿದ್ದಾರೆ. ಅವರ ಕೈಯ ವಿದ್ಯೆ ಯಾವ ಪಠ್ಯಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಅವರು ಅಂಗಡಿ ಮುಚ್ಚಿದ ಮೇಲೆ ಅದನ್ನು ಕಲಿಯುವುದೆಲ್ಲಿ?

ಇತ್ತ ನಮ್ಮ ಕಾಲೇಜುಗಳಲ್ಲಿ ಫ್ಲೆಮಿಂಗನ ಎಡಗೈ ನಿಯಮವನ್ನು ಬಾಯಿಪಾಠ ಮಾಡಿ ಪೂರ್ಣ ಅಂಕ ಪಡೆದ ವಿದ್ಯಾರ್ಥಿ, ಸುರುಳಿಯೊಂದು ಕಣ್ಣೆದುರು ಜಿಗಿಯುವುದನ್ನು ಕಾಣದೆಯೇ ಪದವೀಧರನಾಗುತ್ತಾನೆ. ಗುಜರಿಗೆ ಹೊರಟ ಒಂದು ಪೆಟ್ಟಿಗೆ ಈ ಕೊರತೆಯನ್ನು ತುಂಬಬಲ್ಲುದು. ಅದರ ದೊಡ್ಡ ಸ್ಪೀಕರನ್ನು ಹೊರತೆಗೆದು, 1.5 ವೋಲ್ಟಿನ ಶುಷ್ಕಕೋಶವನ್ನು ಕ್ಷಣಕಾಲ ತಗುಲಿಸಿರಿ. ಶಂಕು ಮುಂದಕ್ಕೆ ನೆಗೆಯುತ್ತದೆ. ಕೋಶವನ್ನು ತಿರುಗಿಸಿದರೆ ಹಿಂದಕ್ಕೆ. ಗ್ಯಾಲ್ವನೋಮೀಟರು ಸೇರಿಸಿ ಶಂಕುವನ್ನು ಬೆರಳಿನಿಂದ ಒತ್ತಿದರೆ ಮುಳ್ಳು ಅಲುಗುತ್ತದೆ. ಶಿವನಸಮುದ್ರದ ತತ್ತ್ವ ಮೇಜಿನ ಮೇಲೆಯೇ ಸಿದ್ಧವಾಯಿತು. ಎರಡು ತುದಿಗಳನ್ನೂ ತಂತಿಯಿಂದ ಕೂಡಿಸಿ ಶಂಕುವನ್ನು ಮೆಲ್ಲಗೆ ತಟ್ಟಿದರೆ ಅದರ ದನಿ ಬೇಗನೆ ಅಡಗುತ್ತದೆ. ಇದು ಲೆನ್ಜನ ನಿಯಮ. ಮೊಬೈಲಿನಲ್ಲಿ ದೊರೆಯುವ ಸ್ವರೋತ್ಪಾದಕದಿಂದ ಆಂಪ್ಲಿಫಯರಿನ ಮೂಲಕ ಆವೃತ್ತಿಯನ್ನು ಬದಲಿಸುತ್ತ, ಶಂಕುವಿನ ಮೇಲೆ ನಾಲ್ಕು ರಾಗಿಕಾಳು ಹಾಕಿ ನೋಡಿರಿ. ಕೆಳಗಿನ ಸ್ವರಗಳಿಗೆ ಕಾಳುಗಳ ಕುಣಿತ ಹೇಗೆ ಬದಲಾಗುವುದೆಂಬುದನ್ನು ಬರೆದಿಟ್ಟುಕೊಳ್ಳಿರಿ. ಬಳಿಕ ಅದೇ ಸ್ಪೀಕರನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅದರ ಅನುರಣನದ ಆವೃತ್ತಿ ಎಷ್ಟು ಮೇಲೇರಿತೆಂದು ಅಳೆದರೆ, ಒಳಗಿನ ಗಾಳಿ ಸ್ಪ್ರಿಂಗಾಗಿ ಎಷ್ಟು ಬಿಗಿಯೆಂಬುದನ್ನೇ ಲೆಕ್ಕಹಾಕಬಹುದು.

ಇದಕ್ಕೆ ಅನುದಾನವನ್ನು ಕಾಯಬೇಕಾಗಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಭೌತಶಾಸ್ತ್ರವನ್ನೇ ಕಲಿಯುವ, ಕಲಿಸುವ ನಮಗೆ ಒಂದು ಹಳೆಯ ಪೆಟ್ಟಿಗೆಯನ್ನು ಬಿಚ್ಚುವುದು ಅಸಾಧ್ಯವಾಗಬಾರದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಪ್ರತಿಯೊಂದು ಪ್ರೌಢಶಾಲೆ, ಕಾಲೇಜು ಊರಿನ ಅಟ್ಟಗಳಿಂದ ಒಂದೊಂದು ಜೋಡಿ ಸ್ಪೀಕರನ್ನು ಕೇಳಿ ಪಡೆಯಲಿ. ಊರಿನ ರಿಪೇರಿಯವರನ್ನು ಒಂದು ದಿನ ಪ್ರಯೋಗಶಾಲೆಗೆ ಗುರುಗಳಾಗಿ ಕರೆಯಲಿ. ದುರಸ್ತಾದ ಪೆಟ್ಟಿಗೆಯನ್ನೂ ಹೊಸದೊಂದನ್ನೂ ತೆರೆಯ ಮರೆಯಲ್ಲಿಟ್ಟು ಹಾಡು ಕೇಳಿಸಿ, ಯಾವುದು ಮೇಲೆಂದು ವಿದ್ಯಾರ್ಥಿಗಳೇ ನಿರ್ಣಯಿಸಲಿ. ಹಳೆಯದು ಸೋತರೂ ಚಿಂತೆಯಿಲ್ಲ. ಸೋತುದೇಕೆಂದು ವಿವರಿಸಬಲ್ಲ ವಿದ್ಯಾರ್ಥಿಗಳು ಅಷ್ಟು ಹೊತ್ತಿಗೆ ನಮ್ಮಲ್ಲಿರುತ್ತಾರೆ.