ಕಿತ್ತಳೆ ರಸದ ಕಾಗದ

ಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಬಿಳಿ ಹಾಳೆಯ ಮೇಲೆ ಬರೆದು ಒಣಗಿಸಿದರೆ ಏನೂ ಕಾಣುವುದಿಲ್ಲ. ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಕಂದು ಅಕ್ಷರಗಳು ಮೂಡುತ್ತವೆ. ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ತೋರಿಸುವ ಈ ಆಟ ಹಿಂದೊಮ್ಮೆ ಒಬ್ಬ ಪಾದ್ರಿಗೆ ಸೆರೆಮನೆಯಿಂದ ದಾರಿ ಮಾಡಿಕೊಟ್ಟಿತು.

ಆತನ ಹೆಸರು ಜಾನ್ ಜೆರಾರ್ಡ್. ಹುಟ್ಟಿದ್ದು 1564ರಲ್ಲಿ, ಇಂಗ್ಲೆಂಡಿನಲ್ಲಿ. ಆಗ ಅಲ್ಲಿ ಕ್ಯಾಥೊಲಿಕ್ ಪೂಜೆಗೆ ನಿಷೇಧವಿತ್ತು. ರಾಣಿ ಒಂದನೇ ಎಲಿಜಬೆತ್ ಕಾಲದ 1585ರ ಕಾನೂನಿನಂತೆ, ಹೊರದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ದೇಶದೊಳಗೆ ಸಿಕ್ಕರೆ ಅದೇ ರಾಜದ್ರೋಹ, ಶಿಕ್ಷೆ ಮರಣ. ಇದು ತಿಳಿದೂ ಜೆಸುಯಿಟ್ ಪಾದ್ರಿಯಾದ ಜೆರಾರ್ಡ್ 1588ರಲ್ಲಿ ಗುಟ್ಟಾಗಿ ತಾಯ್ನಾಡಿಗೆ ಮರಳಿದ. ಸಿರಿವಂತನಂತೆ ಉಡುಪು ತೊಟ್ಟು, ಬೇಟೆಯ ಮಾತಾಡುತ್ತ ಮನೆಯಿಂದ ಮನೆಗೆ ತಿರುಗಿದ.

1594ರಲ್ಲಿ ಎಸೆಕ್ಸಿನ ಒಂದು ಮನೆಗೆ ಶೋಧಕರು ಬಂದರು. ಅಗ್ಗಿಷ್ಟಿಕೆಯ ಕೆಳಗೆ ನಿಕೊಲಾಸ್ ಓವೆನ್ ಎಂಬ ಬಡಗಿ ಕಟ್ಟಿದ್ದ ಗೂಡಿನಲ್ಲಿ ಜೆರಾರ್ಡ್ ನಾಲ್ಕು ದಿನ ಮುದುಡಿ ಕೂತ. ತಿನ್ನಲು ಒಂದೆರಡು ಬಿಸ್ಕತ್ತು, ಸ್ವಲ್ಪ ಹಣ್ಣಿನ ಜೆಲ್ಲಿ. ಕಾವಲಿನವರು ಚಳಿಗೆಂದು ನೆತ್ತಿಯ ಮೇಲೆಯೇ ಬೆಂಕಿ ಹಾಕಿದರು! ಆ ಸಲ ಬಚಾವಾದ. ಅದೇ ವರ್ಷ ಲಂಡನ್ನಿನಲ್ಲಿ ಸಿಕ್ಕಿಬಿದ್ದ.

1597ರಲ್ಲಿ ಟವರ್ ಆಫ್ ಲಂಡನ್ ಸೆರೆಮನೆಯಲ್ಲಿ ಮಣಿಕಟ್ಟಿಗೆ ಕಬ್ಬಿಣದ ಬಳೆ ತೊಡಿಸಿ ತೂಗುಹಾಕಿದರು. ಹಿರಿಯ ಪಾದ್ರಿ ಎಲ್ಲಿದ್ದಾನೆಂದು ಆತ ಹೇಳಲಿಲ್ಲ. ಕೈಗಳು ವಾರಗಟ್ಟಲೆ ಚಾಕು ಹಿಡಿಯಲೂ ಬಾರದಾದವು.

ಕಾವಲುಗಾರನಿಂದ ಕಿತ್ತಳೆ ತರಿಸಿದ. ಸಿಪ್ಪೆಯಿಂದ ಪುಟ್ಟ ಶಿಲುಬೆಗಳನ್ನು ಮಾಡಿ ಗೆಳೆಯರಿಗೆ ಕಳಿಸಿದ. ಅವನ್ನು ಸುತ್ತಿದ ಕಾಗದದಲ್ಲಿ ಇದ್ದಿಲಿನಿಂದ ಬರೆದದ್ದು ಎಲ್ಲರಿಗೂ ಕಾಣುವ ನಾಲ್ಕು ಮಾತು. ನಡುವೆ ರಸದಲ್ಲಿ ಬರೆದದ್ದೇ ನಿಜವಾದ ಪತ್ರ. ರಸದಲ್ಲಿರುವ ಸಕ್ಕರೆ ಮೊದಲಾದ ವಸ್ತುಗಳು ಕಾಗದಕ್ಕಿಂತ ಬೇಗ ಕಂದುತ್ತವೆ, ಅಷ್ಟೇ ಗುಟ್ಟು. ನಿಂಬೆ ಯಾಕಲ್ಲ? ಆತನೇ ಆತ್ಮಕಥೆಯಲ್ಲಿ ಹೇಳಿದ್ದಾನೆ: ನಿಂಬೆಯ ಬರಹ ನೀರು ತಾಗಿದರೂ ಕಾಣುತ್ತದೆ, ಒಣಗಿದರೆ ಮತ್ತೆ ಮಾಯ. ಕಿತ್ತಳೆಯದು ಬಿಸಿಗೆ ಒಮ್ಮೆ ಮೂಡಿದರೆ ಉಳಿದುಬಿಡುತ್ತದೆ. ದಾರಿಯಲ್ಲಿ ಯಾರಾದರೂ ಓದಿದ್ದರೆ ಪಡೆದವನಿಗೆ ಗೊತ್ತಾಗುತ್ತದೆ. ಎಂಥ ಸೂಕ್ಷ್ಮ ವೀಕ್ಷಣೆ! (ಮಾಡಿ ನೋಡುವ ಮಕ್ಕಳ ಪಕ್ಕದಲ್ಲಿ ಹಿರಿಯರಿರಲಿ.)

ಅಕ್ಟೋಬರ್ 4ರ ರಾತ್ರಿ ಗೋಪುರದಿಂದ ಕಂದಕದಾಚೆಗೆ ಹಗ್ಗ ಕಟ್ಟಲಾಯಿತು. ಹಗ್ಗ ಇಳಿಜಾರಾಗಿರಲಿಲ್ಲ, ಜಾರುವಂತಿಲ್ಲ, ಆ ಕೈಗಳಿಂದಲೇ ಜಗ್ಗಿಕೊಂಡು ಹೋಗಬೇಕು. ನಡುವೆ ನೇತಾಡುತ್ತ ನಿಂತೇಬಿಟ್ಟ. ಹೇಗೋ ದಾಟಿದ.

ತಪ್ಪಿಸಿಕೊಂಡವನ ಸಿಟ್ಟು ಕಾವಲುಗಾರನ ಮೇಲೆ ತೀರುತ್ತದೆಂದು ಆತನಿಗೆ ಗೊತ್ತಿತ್ತು. ಬೆಳಗಾಗುತ್ತಲೇ ಅವನಿಗೆ ಸುದ್ದಿ ಕಳಿಸಿ, ಊರು ಬಿಡಲು ಕುದುರೆ ಕೊಡಿಸಿ, ವರ್ಷಾಶನವನ್ನೂ ಗೊತ್ತುಮಾಡಿದ.