ಕೀವಿಲ್ಲದ ಬಾವು: ಕೂಸಿನ ಕಣ್ಣು ಜೋಕೆ!

ಪಂಪ್‌ವೆಲ್‌ನಲ್ಲಿ ಬಸ್ಸಿಳಿದು, ಕೂಸಿನ ಊದಿದ ರೆಪ್ಪೆ ತೋರಿಸಿ, "ಕಣ್ಣು ಕುರುವಿಗೆ ಏನಾದ್ರೂ ಡ್ರಾಪ್ಸ್ ಕೊಡಿ" ಎಂದು ಮೆಡಿಕಲ್ ಶಾಪಿನಲ್ಲಿ ಕೇಳುವುದು ಸುಲಭ. ಕೊಡುವುದು ಅದಕ್ಕಿಂತ ಸುಲಭ. ಆದರೆ ಎಲ್ಲ ಬಾವೂ ಕೀವಿನದಲ್ಲ ಎಂಬುದನ್ನು ಕೊಳ್ಳುವವರೂ ಮಾರುವವರೂ ಅರಿಯಬೇಕಾಗಿದೆ.

ಹಿಮ್ಯಾಂಜಿಯೋಮಾ ಎಂಬ ರಕ್ತನಾಳಗಳ ಗಂಟು ನೂರಕ್ಕೆ ನಾಲ್ಕೈದು ಹಸುಗೂಸುಗಳ ಮೈಮೇಲೆ ಎಲ್ಲಾದರೂ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಲ್ಲಿ, ದಿನ ತುಂಬದೆ ಹುಟ್ಟಿದವರಲ್ಲಿ ಹೆಚ್ಚು. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಆದರೆ ರೆಪ್ಪೆಯ ಒಳಗೆ ಬೆಳೆದರೆ ಥೇಟ್ ಸೋಂಕಿನಂತೆ ಊದಿಕೊಳ್ಳುತ್ತದೆ. ಜ್ವರವಿಲ್ಲ, ಕೀವಿಲ್ಲ, ಮಗು ಅತ್ತಾಗ ಇನ್ನಷ್ಟು ಉಬ್ಬಬಹುದು. ಆಂಟಿಬಯೋಟಿಕ್ ಎಷ್ಟು ಸುರಿದರೂ ಜಗ್ಗುವುದಿಲ್ಲ. ಸ್ಕ್ಯಾನಿಂಗ್ ಮಾಡಿದರೆ ವೈದ್ಯರಿಗೆ ಗುಟ್ಟು ತಿಳಿಯುತ್ತದೆ.

"ತಾನಾಗಿ ಹೋಗ್ತದೆ ಬಿಡಿ" ಎಂಬ ಮಾತು ಅರ್ಧ ಸತ್ಯ. ಕೆಲ ವರ್ಷಗಳಲ್ಲಿ ಗಂಟು ಕುಗ್ಗುವುದು ನಿಜ. ಆದರೆ ಅಷ್ಟರಲ್ಲಿ ಅದು ಪಾಪೆಯನ್ನು ಮುಚ್ಚಿದರೆ, ಗುಡ್ಡೆಯನ್ನು ಒತ್ತಿದರೆ, ಆ ಕಣ್ಣಿನಿಂದ ನೋಡಲು ಮೆದುಳು ಸರಿಯಾಗಿ ಕಲಿಯುವುದೇ ಇಲ್ಲ. ಬಾವು ಹೋದರೂ ಮಂದದೃಷ್ಟಿ ಉಳಿದುಬಿಡುತ್ತದೆ!

ಮದ್ದು ಇದೆ. ನಮ್ಮ ಅಡಕೆ ತೋಟಗಳಿಗೆ ಹೊಡೆಯುವ ದ್ರಾವಣಕ್ಕೆ ಹೆಸರು ಕೊಟ್ಟ ಫ್ರಾನ್ಸಿನ ಬೋರ್ಡೋದಲ್ಲಿ, ಹೃದಯದ ತೊಂದರೆಗೆ ಕೊಟ್ಟ ಪ್ರೊಪ್ರನೊಲಾಲ್‌ನಿಂದ ಮಗುವಿನ ಗಂಟೂ ಕುಗ್ಗಿದ್ದನ್ನು ವೈದ್ಯೆ ಕ್ರಿಸ್ಟೀನ್ ಲಿಯೋಟೆ-ಲಾಬ್ರೇಜ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ಬಿಪಿಗೆ ನುಂಗುವ ಹಳೆಯ ಮಾತ್ರೆಯೇ ಅದು. ಹಾಗಂತ ಅಜ್ಜನ ಮಾತ್ರೆ ಅರೆದು ಕೂಸಿಗೆ ಕುಡಿಸುವಂತಿಲ್ಲ; ರಕ್ತದ ಸಕ್ಕರೆಯನ್ನೂ ಎದೆಬಡಿತವನ್ನೂ ಅದು ಇಳಿಸಬಲ್ಲದು. ವೈದ್ಯರ ಕಣ್ಗಾವಲು ಬೇಕೇ ಬೇಕು.

ಗಂಟು ಭರದಿಂದ ಬೆಳೆಯುವುದು ಮೊದಲ ಎರಡು ಮೂರು ತಿಂಗಳಲ್ಲಿ. 6, 10, 14ನೇ ವಾರ ಚುಚ್ಚುಮದ್ದಿಗೆ ಹೇಗೂ ಮಗುವನ್ನು ಒಯ್ಯುತ್ತಾರಷ್ಟೆ? ಅಂದೇ ರೆಪ್ಪೆಯನ್ನೂ ನೋಡುವಂತೆ ಆರೋಗ್ಯ ಇಲಾಖೆ ದಾದಿಯರಿಗೆ ತಾಕೀತು ಮಾಡಲಿ. ಚೀಟಿ ಇಲ್ಲದೆ ಕೂಸಿನ ಕಣ್ಣಿಗೆ ಡ್ರಾಪ್ಸ್ ಕೊಡುವುದಿಲ್ಲವೆಂದು ಮೆಡಿಕಲ್ ಶಾಪಿನವರು ಗಟ್ಟಿಯಾಗಿ ಹೇಳಲಿ. ಜ್ವರ, ನೋವು ಇದ್ದರೆ ಸೋಂಕೇ ಇರಬಹುದು. ಆಗಂತೂ ತಡಮಾಡದೆ ಆಸ್ಪತ್ರೆ ಸೇರಬೇಕು. ಕಂಕನಾಡಿಯ ಫಾದರ್ ಮುಲ್ಲರ್ ಇಲ್ಲಿಂದ ಹತ್ತಿರ. ಹಂಪನಕಟ್ಟೆಯ ಸರಕಾರಿ ವೆನ್ಲಾಕ್‌ಗೆ ಬಸ್ಸಿನ ಬರವಿಲ್ಲ.

ಫ್ಲೈಓವರಿಗಾಗಿ ಪಂಪ್‌ವೆಲ್ 2020ರ ಜನವರಿವರೆಗೆ ವರ್ಷಗಟ್ಟಲೆ ಕಾಯಿತು. ಕೂಸಿನ ಕಣ್ಣು ಅಷ್ಟು ಕಾಯುವುದಿಲ್ಲ.